ಕೌದಿ ಮಿಷನ್ ಕೊಳ್ಳೋಕೆ ಟೇಪು ಹಿಡಿದು ಹೋಗಿ

ಅಮ್ಮನ ಹಳೇ ಹತ್ತಿ ಸೀರೆಗಳು ಬೀರುವಿನಲ್ಲಿ ಸುಮ್ನೆ ಕೂತಿದ್ದವು. ಹೋದ ಚಳಿಗಾಲದಲ್ಲಿ ಅವನ್ನೆಲ್ಲ ಕತ್ತರಿಸಿ ಡಬಲ್ ಕಾಟಿಗೆ ಆಗುವಂಥ ಒಂದು ಕೌದಿ ಹೊಲಿಯೋಣ ಅಂತ ಹೊರಟೆ. 90 ಇಂಚು ಅಗಲ, 100 ಇಂಚು ಉದ್ದ. ಮೇಲೆ ಸೀರೆ ತುಂಡುಗಳು, ಕೆಳಗೆ ಅಸ್ತರು, ಮಧ್ಯೆ ಹತ್ತಿಯ ಹಾಸು. ತುಂಡು ಜೋಡಿಸುವವರೆಗೆ ಎಲ್ಲ ಸಲೀಸಾಗಿತ್ತು. ಮೂರೂ ಪದರ ಸೇರಿಸಿ ನಡುವಿನ ಗೆರೆ ಹೊಲಿಯಬೇಕಾದರೆ ಅರ್ಧ ಕೌದಿಯನ್ನು ಸುತ್ತಿ ಮಿಷನ್ನಿನ ತೋಳಿನ ಕೆಳಗೆ ತೂರಿಸಬೇಕು. ತೂರಿಸಿದೆ. ಆಮೇಲೆ ಅದು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಕಿಟಕಿ ಸರಳಿನ ನಡುವೆ ತಲೆ ಸಿಕ್ಕಿಸಿಕೊಂಡ ಮಗುವಿನ ಹಾಗೆ ಕೂತುಬಿಟ್ಟಿತು.

ಹೊಸ ಮಿಷನ್ನೇ ನೋಡೋಣ ಎಂದು ಮೈಸೂರಿನ ಶಿವರಾಂಪೇಟೆ ಕಡೆ ಹೋದೆ. ಅಂಗಡಿಯ ಹುಡುಗ ಬೆಳ್ಳಗಿನ, ಮುದ್ದಾದ ಒಂದು ಕಂಪ್ಯೂಟರ್ ಮಿಷನ್ ತೋರಿಸಿದ. "ನೂರು ಥರದ ಹೊಲಿಗೆ ಬರುತ್ತೆ ಮೇಡಂ, ಹೂವು, ಬಳ್ಳಿ, ಬಾತುಕೋಳಿ ಎಲ್ಲ." ಕೌದಿಗೆ ಬೇಕಾದ್ದು ಒಂದೇ ಹೊಲಿಗೆ, ನೇರವಾದದ್ದು. ಬಾತುಕೋಳಿ ತಗೊಂಡು ನಾನೇನು ಮಾಡಲಿ? ಸೂಜಿಯಿಂದ ಬಲಗಡೆಯ ಕಂಬದವರೆಗೆ ಎಷ್ಟು ಜಾಗ ಇದೆ ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಡಬ್ಬದ ಮೇಲೂ ಬರೆದಿರಲಿಲ್ಲ. ಬರಿಗೈಯಲ್ಲಿ ವಾಪಸ್ ಬಂದು, ಕಾಗದ ಪೆನ್ಸಿಲ್ ಹಿಡಿದು ಕೂತೆ.

ಚಾಪೆಯನ್ನು ಬಿಗಿಯಾಗಿ ಸುತ್ತಿ ತುದಿಯಿಂದ ನೋಡಿ. ಕಾಣುವ ಆ ಗುಂಡು ಬಿಲ್ಲೆ ಏನು? ಚಾಪೆಯ ಅಂಚೇ ತಾನೆ, ಸುತ್ತಿಕೊಂಡಿದೆ ಅಷ್ಟೆ. ಅಂದರೆ ಬಿಲ್ಲೆಯ ವಿಸ್ತೀರ್ಣ, ಚಾಪೆಯ ದಪ್ಪವನ್ನು ಸುತ್ತಿದ ಅಳತೆಯಿಂದ ಗುಣಿಸಿದಷ್ಟು. ನನ್ನ ಕೌದಿಯ ಅರ್ಧ 45 ಇಂಚು, ಅಂದರೆ 114 ಸೆಂಟಿಮೀಟರ್. ಪದರಗಳ ನಡುವೆ ಉಳಿಯುವ ಗಾಳಿಯೂ ಸೇರಿ ದಪ್ಪ 8 ಮಿಲಿಮೀಟರ್ ಅಂತ ಇಟ್ಟುಕೊಂಡೆ. ಬಿಲ್ಲೆ 91 ಚದರ ಸೆಂಟಿಮೀಟರ್ ಆಯಿತು, ಅದರ ಅಡ್ಡಳತೆ ಸುಮಾರು 11 ಸೆಂಟಿಮೀಟರ್.

ಈಗ ಮನೆಯ ಕರಿ ಮಿಷನ್ ಅಳೆದೆ. ಸೂಜಿಯಿಂದ ಕಂಬಕ್ಕೆ 16 ಸೆಂಟಿಮೀಟರ್. ಸುರುಳಿ 11 ತಿಂದ ಮೇಲೆ ಉಳಿದದ್ದು 5. ಅದರಲ್ಲೇ ನನ್ನ ಕೈಯೂ ಆಡಬೇಕು! ತೋಳಿನ ಎತ್ತರ ಇನ್ನೂ ಕಮ್ಮಿ, 12ರ ಆಸುಪಾಸು. ಸಿಕ್ಕಿಕೊಳ್ಳದೆ ಇನ್ನೇನಾದೀತು? ಗಾರ್ಮೆಂಟ್ಸ್‌ನಲ್ಲಿ ಇರುವಂಥ ಪವರ್ ಮಿಷನ್ನಿಗೆ ಈ ಜಾಗ ಸುಮಾರು 26 ಸೆಂಟಿಮೀಟರ್. ಸುರುಳಿ ಕಳೆದರೆ 15 ಉಳಿಯುತ್ತದೆ. ತೋಳು ಒಂದೂವರೆ ಪಟ್ಟಿಗಿಂತ ಒಂಚೂರು ಜಾಸ್ತಿ ಉದ್ದ, ಆದರೆ ಕೈಯಾಡುವ ಜಾಗ ಮೂರು ಪಟ್ಟು. ಇಷ್ಟು ಲೆಕ್ಕ ಮಾಡಿದ ಮೇಲೆ ಮಿಕ್ಕ ಯಾವ ಸೌಲಭ್ಯವೂ ನನಗೆ ದೊಡ್ಡದಾಗಿ ಕಾಣಲಿಲ್ಲ.

ಇದೇ ಲೆಕ್ಕದಲ್ಲಿ ಒಂದು ಸಮಾಧಾನವೂ ಇದೆ. ನಡುವಿನಿಂದ ಶುರುಮಾಡಿ ಅಂಚಿನ ಕಡೆ ಹೋದರೆ ಕಷ್ಟವೆಲ್ಲ ಮೊದಲ ಗೆರೆಯಲ್ಲೇ. ಆಮೇಲೆ ತೋಳಿನ ಕೆಳಗಿನ ಬಟ್ಟೆ ಕರಗುತ್ತಾ ಹೋಗುತ್ತದೆ. ಆದರೆ ಬಟ್ಟೆ ಅರ್ಧಕ್ಕೆ ಇಳಿದರೂ ಸುರುಳಿ ಅರ್ಧ ಆಗುವುದಿಲ್ಲ, 11 ಇದ್ದದ್ದು 8ರ ಹತ್ತಿರ ಬಂದು ನಿಲ್ಲುತ್ತದೆ. ಬಿಲ್ಲೆಯ ವಿಸ್ತೀರ್ಣ ಅರ್ಧವಾದರೂ ಅಡ್ಡಳತೆ ಅಷ್ಟು ಬೇಗ ಕುಗ್ಗದು. ಹಾಗೇ ಕೌದಿಯ ದಪ್ಪ ಎರಡರಷ್ಟಾದರೆ ಸುರುಳಿ 15 ದಾಟುತ್ತದೆ. ಉಬ್ಬಿದ ಹತ್ತಿ ರಜಾಯಿಯನ್ನು ಮನೆ ಮಿಷನ್ನಿಗೆ ತೂರಿಸುವ ಆಸೆ ಅಲ್ಲಿಗೇ ಬಿಡಿ.

ಜಾಗದ ಮಾತಾಯಿತು. ಸೂಜಿಯದು ಬೇರೆ ಕಥೆ. ಕೌದಿ ಸಿಕ್ಕಿಕೊಂಡ ಆ ಸಂಜೆ ನಾನು ಮೂರು ಸೂಜಿ ಮುರಿದಿದ್ದೆ. ಮಧ್ಯೆ ಮಧ್ಯೆ ಹೊಲಿಗೆ ಹಾರುತ್ತಿತ್ತು. ಮಿಷನ್ನಿಗೆ ವಯಸ್ಸಾಯಿತು ಅಂತ ನಾನು. ಅಷ್ಟರಲ್ಲಿ ಪಾಂಡವಪುರದಿಂದ ಚಿಕ್ಕಮ್ಮ ಬಂದಿದ್ದರು, ಇಡೀ ಬೀದಿಗೆ ರವಿಕೆ ಹೊಲಿದ ಕೈ. ಬಾಗಿಲಲ್ಲಿ ನಿಂತು ಒಂದು ನಿಮಿಷ ನೋಡಿದರು. "ಮಿಷನ್ನಿಗೇನೂ ಆಗಿಲ್ಲ ಕಣವ್ವ. ಮೊದ್ಲು ಆ ಬಟ್ಟೆನ ಎತ್ತಿ ಮೇಲಿಕ್ಕು. ಅದು ಅಂಗೆ ನೆಲಕ್ಕೆ ಜೋತಾಡ್ತಿದ್ರೆ ಸೂಜಿ ತಾನೆ ಏನ್ ಮಾಡೀತು?" ಅಂದರು.

ಅವರು ಹೇಳಿದ್ದು ಯಾಕೆ ನಿಜ ಅಂತ ತಿಳಿಯಬೇಕಾದರೆ ಮಿಷನ್ನಿನ ಹೊಟ್ಟೆಯೊಳಗೆ ಇಣುಕಬೇಕು. ಕೈಹೊಲಿಗೆ ಸೂಜಿಯ ಕಣ್ಣು ಹಿಂದುಗಡೆ, ಮಿಷನ್ ಸೂಜಿಯ ಕಣ್ಣು ಮೊನೆಯ ಹತ್ತಿರ. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಮಿಷನ್ನಿನಲ್ಲೂ ಸೂಜಿಯ ಕಣ್ಣು ಮೊನೆಯ ಬಳಿಯೇ ಇತ್ತು, ಮೇಲಿನದೊಂದು ಕೆಳಗಿನದೊಂದು ಎರಡು ನೂಲೂ ಇದ್ದವು. ಸೂಜಿ ಬಟ್ಟೆ ಚುಚ್ಚಿ ಕೆಳಗಿಳಿದು, ಒಂದೆರಡು ಮಿಲಿಮೀಟರ್ ಮೇಲೇಳುತ್ತದೆ. ಆಗ ನೂಲು ಬಟ್ಟೆಗೆ ಉಜ್ಜಿಕೊಂಡು ಹಿಂದುಳಿದು ಪುಟ್ಟ ಕುಣಿಕೆಯಾಗುತ್ತದೆ. ಅದೇ ಗಳಿಗೆಗೆ ಶಟಲ್ಲಿನ ಕೊಕ್ಕೆ ಬಂದು ಕುಣಿಕೆಯನ್ನು ಹಿಡಿದು, ಕೆಳಗಿನ ನೂಲು ಸುತ್ತಿಟ್ಟ ಬಾಬಿನ್ ಸುತ್ತ ಎಳೆದು ಬಿಡುತ್ತದೆ. ಮೇಲಿನ ನೂಲು ಕೆಳಗಿನ ನೂಲನ್ನು ತಬ್ಬಿಕೊಂಡಿತು. ಒಂದು ಹೊಲಿಗೆ ಆಯಿತು.

ಕೊಕ್ಕೆಗೂ ಸೂಜಿಗೂ ನಡುವೆ ಇರುವ ಸಂದು ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು, ಇಲ್ಲವೇ ಅದಕ್ಕೂ ಕಮ್ಮಿ. ನನ್ನ ಕೌದಿಯ ತೂಕ ಎರಡು ಕಿಲೋ ಮೇಲೆ. ಅದರಲ್ಲಿ ಒಂದು ಕಿಲೋದಷ್ಟು ಬಟ್ಟೆ ಮೇಜಿನಿಂದ ಜೋತುಬಿದ್ದರೆ, ಬಟ್ಟೆಯೊಳಗೆ ಇಳಿದ ಸೂಜಿಯನ್ನೂ ಪಕ್ಕಕ್ಕೆ ಎಳೆಯುತ್ತದೆ. ಸೂಜಿ ಕೂದಲೆಳೆಯಷ್ಟು ಬಾಗಿದರೂ ಸಾಕು, ಕೊಕ್ಕೆಗೆ ಕುಣಿಕೆ ಸಿಗದು, ಹೊಲಿಗೆ ಹಾರುತ್ತದೆ. ಇನ್ನೂ ಬಾಗಿದರೆ ಕೆಳಗಿನ ಪ್ಲೇಟಿಗೆ ಬಡಿದು ಟಕ್ ಅಂತ ಮುರಿಯುತ್ತದೆ. ಊಟದ ಟೇಬಲ್ ತಂದು ಮಿಷನ್ನಿನ ಎಡಕ್ಕೆ ಸೇರಿಸಿ, ಕೌದಿಯನ್ನು ಪೂರ್ತಿ ಅದರ ಮೇಲೆ ಹರಡಿದೆವು. ಸೂಜಿ ಮುರಿಯುವುದು ಅವತ್ತಿಗೆ ನಿಂತಿತು.

ಸೂಜಿಯನ್ನೂ ಬದಲಿಸಿದೆವು. 14ನೇ ನಂಬರ್ ಸೂಜಿ 0.9 ಮಿಲಿಮೀಟರ್ ದಪ್ಪ, 16ನೇ ನಂಬರ್ 1 ಮಿಲಿಮೀಟರ್. ಇಷ್ಟೇನಾ ವ್ಯತ್ಯಾಸ ಅನಿಸುತ್ತೆ ಅಲ್ವಾ? ದುಂಡು ಕಡ್ಡಿಯ ಗಟ್ಟಿತನ ಅದರ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ 16ನೇ ನಂಬರ್ ಸೂಜಿಯನ್ನು ಬಾಗಿಸಲು ಒಂದೂವರೆ ಪಟ್ಟು ಬಲ ಬೇಕು.

ಇನ್ನೊಂದು ಕಾಟ ಸುಕ್ಕು. ಮಿಷನ್ನಿನ ಹಲ್ಲು ಇರುವುದು ಕೆಳಗೆ. ಅದು ಅಸ್ತರನ್ನು ಮುಂದಕ್ಕೆ ತಳ್ಳುತ್ತದೆ. ಮೇಲಿನ ಬಟ್ಟೆಯನ್ನು ಸೂಜಿಯ ಬುಡದಲ್ಲಿರುವ ಪಾದ ಒತ್ತಿ ಹಿಡಿದಿರುತ್ತದೆ. ನಡುವೆ ಮೆತ್ತನೆಯ ಹತ್ತಿ ಇರುವುದರಿಂದ ಕೆಳಗಿನ ತಳ್ಳು ಮೇಲಿನವರೆಗೆ ಪೂರಾ ಮುಟ್ಟುವುದಿಲ್ಲ. ಒಂದು ಹೊಲಿಗೆಗೆ ಒಂದು ಕೂದಲಿನ ದಪ್ಪದಷ್ಟು, 0.05 ಮಿಲಿಮೀಟರ್, ಮೇಲಿನ ಬಟ್ಟೆ ಹಿಂದೆ ಬಿತ್ತು ಅಂತ ಇಟ್ಟುಕೊಳ್ಳಿ. 3 ಮಿಲಿಮೀಟರ್ ಹೊಲಿಗೆಯಲ್ಲಿ 100 ಇಂಚು ಮುಗಿಸಲು ಸುಮಾರು 850 ಹೊಲಿಗೆ. ಗೆರೆ ಮುಗಿಯುವ ಹೊತ್ತಿಗೆ ಮೇಲಿನ ಬಟ್ಟೆ 4 ಸೆಂಟಿಮೀಟರ್ ಹೆಚ್ಚಾಗಿ ಗುಡ್ಡೆ ಬಿದ್ದಿರುತ್ತದೆ. ಇದಕ್ಕೆ ಮದ್ದು ವಾಕಿಂಗ್ ಫೂಟ್. ಅದಕ್ಕೆ ತನ್ನದೇ ಹಲ್ಲು ಇರುತ್ತದೆ, ಮೇಲಿನ ಬಟ್ಟೆಯನ್ನೂ ಕೆಳಗಿನದರ ಜೊತೆಗೆ ನಡೆಸಿಕೊಂಡು ಹೋಗುತ್ತದೆ. ಮಿಷನ್ನಿನ ಬೆಲೆ ಮುಂದೆ ಇದರದು ಚಿಲ್ಲರೆ ಕಾಸು. ಆದರೆ ನಿಮ್ಮ ಮಿಷನ್ನಿಗೆ ಕೂರುತ್ತದೆಯೇ ಅಂತ ಅಲ್ಲೇ ಹಾಕಿಸಿ ನೋಡಿ. ಕಚ್ಚಾ ಹೊಲಿಗೆಯನ್ನಂತೂ ಬಿಡಬೇಡಿ. ನಾನು ಸೋಮಾರಿತನಕ್ಕೆ ಬರೀ ಪಿನ್ನು ಹಾಕಿ ಅನುಭವಿಸಿದೆ.

ಪವರ್ ಮಿಷನ್ ತಗೊಳ್ಳಿ ಅಂತ ಎಲ್ಲರಿಗೂ ಹೇಳಲಾರೆ. ಜೂಕಿ ಕಂಪನಿಯ ಹೆಸರುವಾಸಿ ಪವರ್ ಮಿಷನ್ ಒಂದು ನಿಮಿಷಕ್ಕೆ 5500 ಹೊಲಿಗೆವರೆಗೆ ಹಾಕುತ್ತದೆ. ಆ ವೇಗದಲ್ಲಿ ನನ್ನ 100 ಇಂಚಿನ ಗೆರೆಗೆ ಹತ್ತು ಸೆಕೆಂಡೂ ಬೇಡ. ಬಟ್ಟೆ ಹಿಡಿಯುವ ನಾವು ಎಲ್ಲಿರುತ್ತೇವೋ! ಅಷ್ಟು ವೇಗದಲ್ಲಿ ಉಜ್ಜಾಟಕ್ಕೆ ಸೂಜಿಯೂ ಕಾಯುತ್ತದೆ. ಪಾಲಿಯೆಸ್ಟರ್ ನೂಲು 260 ಡಿಗ್ರಿ ಸುಮಾರಿಗೆ ಕರಗುವಂಥದ್ದು, ದಪ್ಪ ಬಟ್ಟೆಯಲ್ಲಿ ಸುಮ್ಮನೆ ಓಡಿಸಿದರೆ ಪಟಪಟ ಕಿತ್ತುಹೋಗುತ್ತದೆ. ಹಾಗಾಗಿ ಹಳೇ ಕ್ಲಚ್ ಮೋಟಾರ್ ಬೇಡ, ವೇಗ ತಗ್ಗಿಸಬಹುದಾದ ಸರ್ವೋ ಮೋಟಾರ್ ಇರಲಿ. ಈ ಮಿಷನ್‌ಗಳಲ್ಲಿ ಸಾಮಾನ್ಯವಾಗಿ ಹಲ್ಲನ್ನು ಕೆಳಗಿಳಿಸಲು ಬರುವುದಿಲ್ಲ. ಬಟ್ಟೆಯನ್ನು ಹೇಗೆ ಬೇಕೋ ಹಾಗೆ ತಿರುಗಿಸುತ್ತಾ ಬಳ್ಳಿ ಬಿಡಿಸುವ ಆಸೆ ಇದ್ದರೆ ಇದು ನಿಮಗಲ್ಲ. ನೇರ ಗೆರೆಗಾದರೆ ಇದನ್ನು ಮೀರಿಸಿದ್ದಿಲ್ಲ. ಮಿಷನ್ ನಾಲ್ಕಡಿ ಉದ್ದದ ಮೇಜಿನೊಳಗೆ ಹುದುಗಿರುತ್ತದೆ, ಪಾದವನ್ನು ಮೊಣಕಾಲಿನಿಂದಲೇ ಎತ್ತಬಹುದು, ಎರಡೂ ಕೈ ಬಟ್ಟೆಗೆ ಬಿಡುವು.

ವರ್ಷಕ್ಕೊಂದು ಕೌದಿ ಹೊಲಿಯುವವರು ಮಿಷನ್ ಕೊಳ್ಳುವುದೇ ಬೇಡ ಎಂಬುದು ನನ್ನ ಅಭಿಪ್ರಾಯ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೌದಿಯನ್ನು ಕೈಯಲ್ಲೇ ಹೊಲಿಯುತ್ತಾರೆ. ಅದೂ ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ನಮ್ಮ ಮಿಷನ್ ದಾರಿಗೆ ಪೂರಾ ಉಲ್ಟಾ. ತೋಳೇ ಇಲ್ಲದಿದ್ದ ಮೇಲೆ ಸುರುಳಿಯ ತಕರಾರು ಎಲ್ಲಿಂದ ಬಂತು? ಅಷ್ಟು ತಾಳ್ಮೆ ನನಗಿಲ್ಲ. ನನ್ನ ಕೌದಿಯನ್ನು 30 ಇಂಚಿನ ಮೂರು ಪಟ್ಟಿ ಮಾಡಿಕೊಂಡು, ಒಂದೊಂದನ್ನೇ ಹೊಲಿದು ಕೊನೆಗೆ ಜೋಡಿಸಿದೆ. ಒಂದು ಪಟ್ಟಿಯ ಅರ್ಧ ಸುತ್ತಿದರೆ ಬರೀ 6 ಸೆಂಟಿಮೀಟರ್, ಅದೇ ಹಳೇ ಮಿಷನ್ನಿನಲ್ಲಿ ಆರಾಮಾಗಿ ಓಡಾಡಿತು. ಜೋಡಿಸಿದ ಜಾಗದಲ್ಲಿ ಎರಡು ಗೆರೆ ಕೊಂಚ ಉಬ್ಬಿಕೊಂಡಿವೆ. ಹೊದ್ದವರು ಯಾರೂ ಕೇಳಿಲ್ಲ.

ಆಮೇಲೆ ನಾದಿನಿಗೊಂದು, ಅತ್ತೆಗೊಂದು ಅಂತ ಬೇಡಿಕೆ ಬಂತು. ಅದೇ ಅಂಗಡಿಗೆ ಮತ್ತೆ ಹೋದೆ. ಈ ಸಲ ಬ್ಯಾಗಿನಲ್ಲಿ ಟೇಪು, ಕಂಕುಳಲ್ಲಿ 11 ಸೆಂಟಿಮೀಟರ್ ದಪ್ಪಕ್ಕೆ ಸುತ್ತಿ ಕಟ್ಟಿದ ಜಮಖಾನ. ಅಲ್ಲಿದ್ದ ಆರು ಮಿಷನ್ನಿನ ತೋಳಿನ ಕೆಳಗೂ ಅದನ್ನು ತೂರಿಸಿ ನೋಡಿದೆ. ಅಂಗಡಿ ಹುಡುಗ ನಗು ತಡೆದುಕೊಂಡು, ಆಮೇಲೆ ತಾನೇ ಟೇಪಿನ ಇನ್ನೊಂದು ತುದಿ ಹಿಡಿದ. ಎರಡರಲ್ಲಿ ಮಾತ್ರ ಸುರುಳಿ ಹೋದ ಮೇಲೂ ಒಂದು ಗೇಣಿನಷ್ಟು ಜಾಗ ಉಳಿಯಿತು. ಅವುಗಳಲ್ಲಿ ಸೆಕೆಂಡ್ ಹ್ಯಾಂಡ್ ಒಂದು ಈಗ ನಮ್ಮ ಹಾಲಿನ ಕಿಟಕಿ ಪಕ್ಕ ಇದೆ. ಊಟದ ಟೇಬಲ್ ಅದರ ಎಡಕ್ಕೇ ಕಾಯಂ ಆಗಿದೆ. ನಾವು ನೆಲದ ಮೇಲೆ ಕೂತು ಊಟ ಮಾಡುತ್ತೇವೆ.