ಫಾರಂ ಕಳಿಸಿದ್ದು ಯಾವ ಬಟನ್?

ಜಾಲಪುಟದ ಒಂದೇ ಫಾರಂನಲ್ಲಿ ‘ಉಳಿಸು’, ‘ಅಳಿಸು’ ಎಂಬ ಎರಡು ಬಟನ್‌ಗಳಿವೆ ಎನ್ನೋಣ. ಯಾವುದನ್ನು ಒತ್ತಿದರೂ ತುಂಬಿದ ಮಾಹಿತಿ ಒಂದೇ, ಅದು ತಲುಪುವ ಸರ್ವರ್ ಕೂಡ ಒಂದೇ. ಹಾಗಿದ್ದರೆ ಉಳಿಸಬೇಕೋ ಅಳಿಸಬೇಕೋ ಎಂದು ಸರ್ವರ್‌ಗೆ ತಿಳಿಯುವುದು ಹೇಗೆ?

ಇದಕ್ಕೆ ಜಾಲಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲೇ ದಾರಿಯಿದೆ. ಸಬ್ಮಿಟ್ ಬಟನ್‌ಗಳು (ಫಾರಂ ಕಳಿಸುವ ಬಟನ್‌ಗಳು) ಎಷ್ಟಿದ್ದರೂ, ತುಂಬಿದ ಮಾಹಿತಿಯ ಜೊತೆ ಒತ್ತಿದ ಬಟನ್ನಿನ ನೇಮ್ (ಕೋಡ್‌ನಲ್ಲಿ ಕೊಟ್ಟ ಹೆಸರು) ಮತ್ತು ವ್ಯಾಲ್ಯೂ (ಆ ಹೆಸರಿನ ಮೌಲ್ಯ) ಮಾತ್ರ ಸರ್ವರ್‌ಗೆ ಹೋಗುತ್ತವೆ. ನೇಮ್ ಕೊಡದಿದ್ದರೆ ಅದೂ ಹೋಗುವುದಿಲ್ಲ. ಎರಡಕ್ಕೂ ‘ಆಕ್ಷನ್’ ಎಂಬ ಒಂದೇ ನೇಮ್ ಕೊಟ್ಟು, ವ್ಯಾಲ್ಯೂ ಮಾತ್ರ ‘ಸೇವ್’, ‘ಡಿಲೀಟ್’ ಎಂದು ಬೇರೆ ಮಾಡಿದರೆ ಸಾಕು. ಚಿತ್ರದ ಬಟನ್ ಆದರೆ ನೇಮ್‌ನ ಜೊತೆಗೆ ಚುಕ್ಕೆ ಎಕ್ಸ್, ಚುಕ್ಕೆ ವೈ ಸೇರಿಸಿ, ಕ್ಲಿಕ್ ಬಿದ್ದ ಜಾಗವನ್ನು ಎರಡು ಸಂಖ್ಯೆಗಳಾಗಿ ಕಳಿಸುತ್ತದೆ. ಸರ್ವರ್‌ನಲ್ಲಿ ಬಳಸುವ ಪಿಎಚ್‌ಪಿ ಭಾಷೆಯಲ್ಲಿ ಆ ಚುಕ್ಕೆ ಅಂಡರ್‌ಸ್ಕೋರ್ ಆಗಿಬಿಡುತ್ತದೆ.

ಎಚ್‌ಟಿಎಂಎಲ್‌ನ ಇನ್‌ಪುಟ್ ಎಂಬ ಟ್ಯಾಗ್‌ನಿಂದ ಮಾಡಿದ ಸಬ್ಮಿಟ್ ಬಟನ್‌ನಲ್ಲಿ ವ್ಯಾಲ್ಯೂ ಏನಿದೆಯೋ ಅದೇ ಪರದೆಯ ಮೇಲಿನ ಬರಹ. ಸರ್ವರ್ ‘ಸೇವ್’ ಪದವನ್ನು ಹುಡುಕುತ್ತಿರುವಾಗ ಜಾಲತಾಣವನ್ನು ಕನ್ನಡಕ್ಕೆ ತಂದವರು ಅಲ್ಲಿ ‘ಉಳಿಸು’ ಎಂದು ಬರೆದರೆ ಕೆಲಸ ನಿಂತಂತೆಯೇ. ಬಟನ್ ಟ್ಯಾಗ್ ಬಳಸಿದರೆ ಬರಹ ಬೇರೆ, ವ್ಯಾಲ್ಯೂ ಬೇರೆ. ಅನುವಾದದಿಂದ ಏನೂ ಕೆಡುವುದಿಲ್ಲ.

ಎಲ್ಲಕ್ಕಿಂತ ಅಪಾಯದ್ದು ಎಂಟರ್ ಕೀ. ಪಠ್ಯದ ಖಾನೆಯಲ್ಲಿ ಎಂಟರ್ ಒತ್ತಿದಾಗ ಬ್ರೌಸರ್ ಆ ಫಾರಂನ ಮೊದಲ ಸಬ್ಮಿಟ್ ಬಟನ್ನನ್ನೇ ಒತ್ತಿದಂತೆ ನಡೆದುಕೊಳ್ಳುತ್ತದೆ. ‘ಮೊದಲ’ ಎಂದರೆ ಕಣ್ಣಿಗೆ ಕಾಣುವ ಕ್ರಮವಲ್ಲ, ಕೋಡ್‌ನಲ್ಲಿರುವ ಕ್ರಮ. ಪುಟದ ನೋಟ ತಿದ್ದುವ ಸಿಎಸ್‌ಎಸ್‌ನಿಂದ ಬಲಕ್ಕೆ ಸರಿಸಿದ ‘ಅಳಿಸು’ ಕೋಡ್‌ನಲ್ಲಿ ಮೊದಲಿದ್ದರೆ, ಹೆಸರು ತಿದ್ದಿ ಎಂಟರ್ ಒತ್ತಿದವರ ದಾಖಲೆಯೇ ಅಳಿಸಿಹೋಗುತ್ತದೆ. ಆದ್ದರಿಂದ ‘ಉಳಿಸು’ ಮೊದಲು ಬರಲೇಬೇಕು. ಟೈಪ್ (ಬಟನ್ನಿನ ಬಗೆ) ಬರೆಯದ ಬಟನ್ ಟ್ಯಾಗ್ ಕೂಡ ಸಬ್ಮಿಟ್ ಬಟನ್ನೇ ಎಂಬುದು ನೆನಪಿರಲಿ.

ಬ್ರೌಸರ್‌ನಲ್ಲಿ ಓಡುವ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ, ಸಬ್ಮಿಟ್ ಈವೆಂಟ್‌ನ (ಫಾರಂ ಹೋಗುತ್ತಿದೆ ಎಂದು ಬ್ರೌಸರ್ ಕೊಡುವ ಸೂಚನೆಯ) ಸಬ್ಮಿಟರ್ ಎಂಬ ಗುಣ ಒತ್ತಿದ ಬಟನ್ನನ್ನೇ ಕೈಗೆ ಕೊಡುತ್ತದೆ. ಆದರೆ ಕೋಡ್‌ನಿಂದಲೇ ಫಾರಂ ಕಳಿಸಲು ಅದರ ಸಬ್ಮಿಟ್ ಮೆಥಡ್ (ಆಜ್ಞೆ) ಕರೆದರೆ ಈವೆಂಟೂ ಹುಟ್ಟದು, ಬಟನ್ನಿನ ನೇಮ್ ಕೂಡ ಹೋಗದು. ಅಲ್ಲಿ ರಿಕ್ವೆಸ್ಟ್‌ಸಬ್ಮಿಟ್ ಮೆಥಡ್‌ಗೆ ಬಟನ್ನನ್ನು ಕೊಟ್ಟು ಕರೆಯಬೇಕು. ಫಾರಂನ ಮಾಹಿತಿ ಒಟ್ಟುಗೂಡಿಸುವ ಫಾರ್ಮ್‌ಡೇಟಾಕ್ಕೂ ಫಾರಂ ಒಂದನ್ನೇ ಕೊಟ್ಟರೆ ಬಟನ್ ಬಿಟ್ಟುಹೋಗುತ್ತದೆ. ಎರಡನೆಯ ಆರ್ಗ್ಯುಮೆಂಟ್ (ಜೊತೆಗೆ ಕೊಡುವ ಮಾಹಿತಿ) ಆಗಿ ಸಬ್ಮಿಟರ್ ಕೊಡುವ ಸೌಲಭ್ಯ ಪ್ರಮುಖ ಬ್ರೌಸರ್‌ಗಳಿಗೆ 2023ರಲ್ಲಿ ಬಂತು.

ಎರಡು ಬಾರಿ ಒತ್ತದಿರಲೆಂದು ಬಟನ್ನನ್ನು ಡಿಸೇಬಲ್ (ಒತ್ತಲಾಗದಂತೆ) ಮಾಡುವವರು ಬಹಳ. ಕ್ಲಿಕ್ ಈವೆಂಟ್‌ನಲ್ಲೇ ಮಾಡಿದರೆ ಫಾರಂ ಹೋಗುವುದೇ ಇಲ್ಲ. ಸಬ್ಮಿಟ್ ಈವೆಂಟ್‌ನಲ್ಲಿ ಮಾಡಿದರೆ ಫಾರಂ ಹೋಗುತ್ತದೆ, ಬಟನ್ನಿನ ನೇಮ್ ಉದುರುತ್ತದೆ. ಬ್ರೌಸರ್ ಮಾಹಿತಿ ಕಲೆಹಾಕುವುದು ಆ ಈವೆಂಟ್ ಮುಗಿದ ಮೇಲೆ, ಆಗ ಡಿಸೇಬಲ್ ಆದದ್ದನ್ನೆಲ್ಲ ಬಿಟ್ಟುಬಿಡುತ್ತದೆ. ಸಬ್ಮಿಟ್ ಈವೆಂಟ್‌ನ ಒಳಗೆ ಕೆಲಸವನ್ನು ತುಸು ಮುಂದೂಡುವ ಸೆಟ್‌ಟೈಮ್‌ಔಟ್ ಅನ್ನು 0 ಮಿಲಿಸೆಕೆಂಡಿಗೆ ಇಟ್ಟು ಅದರಲ್ಲಿ ಡಿಸೇಬಲ್ ಮಾಡಿದರೆ ಬಟನ್ನಿನ ನೇಮೂ ಹೋಗುತ್ತದೆ, ಎರಡನೇ ಬಾರಿ ಒತ್ತುವುದೂ ತಪ್ಪುತ್ತದೆ.