ಪದ ಪರಿಚಯ: ‘ಸಿಗ್ನಿಫಿಕೆಂಟ್’ ಅಂದರೆ ದೊಡ್ಡದು ಅಂತಲ್ಲ

ಪುಣೆಯ ಕೋಥ್ರೂಡ್‌ನಲ್ಲಿ ಮನೆಯಲ್ಲೇ ಕೂತು, ಥೀಸಿಸ್ ಬರೆಯುವವರಿಗೆ ಅಂಕಿಅಂಶದ ಲೆಕ್ಕ ಮಾಡಿಕೊಡುವುದು ನನ್ನ ಕೆಲಸ. ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಫೈಲ್ ಬಂದವು. ಒಂದು ಇಸ್ಲಾಮಿಕ್ ಬ್ಯಾಂಕಿಂಗ್, ಒಂದು ಕಾಲೇಜು ಮಕ್ಕಳ ಹಾಜರಿ, ಇನ್ನೊಂದು ಕ್ಯಾನ್ಸರ್ ಜೀನ್‌ಗಳು. ಒಂದಕ್ಕೊಂದು ಏನೇನೂ ಸಂಬಂಧ ಇಲ್ಲ. ಆದರೆ ಮೂವರೂ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: “ಮೇಡಂ, ಸಿಗ್ನಿಫಿಕೆಂಟ್ ಬಂತಾ?”

ಕನ್ನಡದಲ್ಲಿ ಇದನ್ನು ‘ಮಹತ್ವದ’, ‘ಗಣನೀಯ’ ಅಂತ ಬರೆಯುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಬರೆದೆ. ತಪ್ಪು ಶುರುವಾಗುವುದೇ ಅಲ್ಲಿಂದ.

ನಮ್ಮಲ್ಲಿ ಒಂದು ಮಾತಿದೆಯಲ್ಲ, ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು ಅಂತ. ಕಾಕತಾಳೀಯ. ಸಂಶೋಧಕರು ಕೇಳುವುದೂ ಇದನ್ನೇ. ಕಾಗೆಗೂ ಟೊಂಗೆಗೂ ನಂಟೇ ಇಲ್ಲ ಅಂತ ಮೊದಲು ಒಪ್ಪಿಕೊಂಡುಬಿಡೋಣ, ಹಾಗಿದ್ದರೂ ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಹೊಂದಿಕೆ ಎಷ್ಟು ಸಲ ಕಾಣುತ್ತಿತ್ತು? ಆ ಉತ್ತರವೇ ಪಿ-ವ್ಯಾಲ್ಯೂ. ಅದು 0.05ಕ್ಕಿಂತ, ಅಂದರೆ 20ಕ್ಕೆ 1ಕ್ಕಿಂತ, ಕಡಿಮೆ ಬಂದರೆ ‘ಸಿಗ್ನಿಫಿಕೆಂಟ್’ ಅನ್ನುವುದು ವಾಡಿಕೆ. ವಾಡಿಕೆ ಅಷ್ಟೇ, ದೇವರು ಬರೆದಿಟ್ಟಿದ್ದಲ್ಲ. ರೊನಾಲ್ಡ್ ಫಿಶರ್ ಅನ್ನುವ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ 1925ರ ತನ್ನ ಪುಸ್ತಕದಲ್ಲಿ ಈ ಗೆರೆ ಅನುಕೂಲ ಅಂದ, ಜಗತ್ತು ಅದನ್ನೇ ಹಿಡಿದುಕೊಂಡಿತು. (ಇದೇ ಫಿಶರ್ ಹತ್ತಿರ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಮಾಡಿದವರು ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್. ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ!)

ಫಿಶರ್‌ನ ಚಹಾ ಕಥೆ ಹೇಳದಿದ್ದರೆ ಇದು ಪೂರ್ತಿಯಾಗುವುದಿಲ್ಲ. ರಾಥಮ್‌ಸ್ಟೆಡ್ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಅನ್ನುವ ವಿಜ್ಞಾನಿ, ಕಪ್‌ಗೆ ಹಾಲು ಮೊದಲು ಹಾಕಿದ್ದೋ ಚಹಾ ಮೊದಲು ಹಾಕಿದ್ದೋ ಕುಡಿದೇ ಹೇಳಬಲ್ಲೆ ಅಂದರಂತೆ. ಫಿಶರ್ ಹೇಳಿದ ಪರೀಕ್ಷೆ ಇದು: 8 ಕಪ್, 4 ಹಾಗೆ 4 ಹೀಗೆ, ಕಲಸಿ ಇಟ್ಟು ಹಾಲು ಮೊದಲು ಹಾಕಿದ ನಾಲ್ಕನ್ನು ಆರಿಸಲು ಹೇಳುವುದು. ಎಂಟರಲ್ಲಿ ನಾಲ್ಕನ್ನು ಆರಿಸಲು 70 ದಾರಿಗಳಿವೆ. ಸುಮ್ನೆ ಊಹಿಸಿದರೆ ನಾಲ್ಕೂ ಸರಿಯಾಗುವ ಸಾಧ್ಯತೆ 70ಕ್ಕೆ 1, ಅಂದರೆ ಸುಮಾರು 0.014, 0.05ರ ಗೆರೆಗಿಂತ ಕಡಿಮೆ.

ಇದನ್ನು ಪುಣೆಯ ಅಮೃತತುಲ್ಯ ಚಹಾ ಅಂಗಡಿಯಲ್ಲಿ ಮಾಡಲು ಆಗುವುದಿಲ್ಲ, ಅಲ್ಲಿ ಹಾಲು, ಪುಡಿ, ಸಕ್ಕರೆ, ಶುಂಠಿ ಎಲ್ಲ ಒಂದೇ ಪಾತ್ರೆಯಲ್ಲಿ ಕುದಿಯುತ್ತಿರುತ್ತದೆ. ಹಾಗಾಗಿ ಮನೆಯಲ್ಲಿ ಕಾಫಿಯಲ್ಲಿ ಮಾಡಿದೆವು. ಡಿಕಾಕ್ಷನ್ ಮೊದಲೋ ಹಾಲು ಮೊದಲೋ ನನಗೆ ಗೊತ್ತಾಗುತ್ತದೆ ಅಂತ ನಮ್ಮನೆಯವರ ಜಂಬ. ಎಂಟು ಲೋಟ ಇಟ್ಟೆ. ಮೂರು ಸರಿ, ಒಂದು ತಪ್ಪು. “ನೋಡಿದ್ಯಾ? ನಾಲ್ಕರಾಗ ಮೂರು! ಡಿಸ್ಟಿಂಕ್ಷನ್!” ಅಂತ ಧಾರವಾಡದ ಗತ್ತಿನಲ್ಲಿ ಕುಣಿದರು. “ರೀ, ಸ್ವಲ್ಪ ತಡೀರಿ” ಅಂದೆ. ಊಹೆಯಲ್ಲೇ ಮೂರು ಸರಿಯಾಗುವ ದಾರಿ 16, ನಾಲ್ಕೂ ಸರಿಯಾಗುವುದು 1, ಒಟ್ಟು 70ಕ್ಕೆ 17. ಹತ್ತಿರ ಹತ್ತಿರ ನಾಲ್ಕು ಸಲಕ್ಕೆ ಒಂದು ಸಲ ಬರೀ ಅದೃಷ್ಟದಲ್ಲೇ ಇಷ್ಟು ಬರುತ್ತದೆ. ಹಾಗಂತ ಅವರಿಗೆ ರುಚಿ ಗೊತ್ತಾಗುವುದೇ ಇಲ್ಲ ಅಂತಲೂ ಸಾಬೀತಾಗಲಿಲ್ಲ. ಲೋಟ ಕಡಿಮೆ, ಅಷ್ಟೇ.

ಬ್ಯಾಂಕಿಂಗ್ ಥೀಸಿಸ್‌ನ ಕಷ್ಟವೂ ಇದೇ. ಇಸ್ಲಾಮಿಕ್ ಬ್ಯಾಂಕಿಂಗ್‌ನಲ್ಲಿ ಬಡ್ಡಿ ಇಲ್ಲ. ಮುರಾಬಹಾ ಅನ್ನುವ ಪದ್ಧತಿಯಲ್ಲಿ ಬ್ಯಾಂಕೇ ವಸ್ತು ಕೊಂಡು, ತನ್ನ ಲಾಭ ಎಷ್ಟು ಅಂತ ಮೊದಲೇ ಹೇಳಿ, ಗಿರಾಕಿಗೆ ಕಂತಿನಲ್ಲಿ ಮಾರುತ್ತದೆ. ಭಾರತದಲ್ಲಿ ಇಂಥದ್ದನ್ನು ತರುವ ಮಾತಿತ್ತು, 2017ರಲ್ಲಿ ರಿಸರ್ವ್ ಬ್ಯಾಂಕ್ ಮುಂದುವರಿಸುವುದಿಲ್ಲ ಅಂದಿತು. ಹಾಗಾಗಿ ಅಂಕಿ ಎಲ್ಲ ಹೊರದೇಶದ್ದು. ಆ ಕಡೆ ಹದಿನೈದು ಇಸ್ಲಾಮಿಕ್ ಬ್ಯಾಂಕು, ಈ ಕಡೆ ಹದಿನೈದು ಮಾಮೂಲಿ ಬ್ಯಾಂಕು ಇಟ್ಟು ಲಾಭ ಹೋಲಿಸಿದರೆ ಪಿ ದೊಡ್ಡದಾಗೇ ಬರಬಹುದು. ಆಗ ‘ಎರಡೂ ಒಂದೇ’ ಅಂತ ಬರೆಯಬಾರದು. ‘ಇಷ್ಟು ಅಂಕಿಯಲ್ಲಿ ವ್ಯತ್ಯಾಸ ಹೇಳಲಾಗದು’ ಅನ್ನಬೇಕು. ಈ ಎರಡು ಮಾತುಗಳ ನಡುವೆ ಭೂಮಿ ಆಕಾಶದ ಅಂತರ ಇದೆ.

ಹಾಜರಿಯದ್ದು ಉಲ್ಟಾ ಕಥೆ. 5,000 ಮಕ್ಕಳಿದ್ದಾರೆ, ಅರ್ಧ ಜನ ಕ್ಲಾಸಿಗೆ ಸರಿಯಾಗಿ ಬರುವವರು, ಅವರಿಗೆ ನೂರಕ್ಕೆ ಸರಾಸರಿ ಒಂದೇ ಅಂಕ ಜಾಸ್ತಿ ಅಂದುಕೊಳ್ಳಿ. ಇಷ್ಟು ಜನ ಇದ್ದರೆ ಆ ಒಂದು ಅಂಕವೂ ಸಿಗ್ನಿಫಿಕೆಂಟ್ ಆಗಿಬಿಡಬಹುದು. ಐವತ್ತೇ ಮಕ್ಕಳಲ್ಲಿ ಅದೇ ಒಂದು ಅಂಕ ಲೆಕ್ಕಕ್ಕೇ ಬರುವುದಿಲ್ಲ. ಆಮೇಲೆ, ಹಾಜರಿಯಿಂದ ಅಂಕ ಬಂತೋ ಅಥವಾ ಓದುವ ಮಕ್ಕಳೇ ಕ್ಲಾಸಿಗೂ ಬರುತ್ತಾರೋ, ಅದನ್ನು ಪಿ ಹೇಳುವುದೇ ಇಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ಕ್ಯಾನ್ಸರ್ ಫೈಲು. ಈ ತರದ ಅಧ್ಯಯನದಲ್ಲಿ ರೋಗ ಇದ್ದವರ ಮತ್ತು ಇಲ್ಲದವರ ಡಿಎನ್‌ಎಯಲ್ಲಿ ಲಕ್ಷಗಟ್ಟಲೆ ಜಾಗಗಳನ್ನು ಒಂದೊಂದಾಗಿ ಹೋಲಿಸುತ್ತಾರೆ. ಹತ್ತು ಲಕ್ಷ ಪರೀಕ್ಷೆ ಮಾಡಿ 0.05ರ ಗೆರೆ ಇಟ್ಟುಕೊಂಡರೆ, ಯಾವ ಜಾಗಕ್ಕೂ ರೋಗದ ನಂಟಿಲ್ಲದಿದ್ದರೂ ಸುಮಾರು 50,000 ಜಾಗ ಸಿಗ್ನಿಫಿಕೆಂಟ್ ಅಂತ ಬರುತ್ತವೆ. ಅಷ್ಟು ಕಾಗೆ ಕೂತರೆ ಕೆಲವು ಟೊಂಗೆ ಮುರಿಯಲೇಬೇಕಲ್ಲ! ಅದಕ್ಕೇ ಅವರು 0.05ನ್ನು ಹತ್ತು ಲಕ್ಷದಿಂದ ಭಾಗಿಸಿ 0.00000005 ಅನ್ನುವ ಗೆರೆ ಎಳೆದಿದ್ದಾರೆ.

ಅಷ್ಟು ಬಿಗಿ ಗೆರೆ ದಾಟಿದ್ದು ದೊಡ್ಡದೇ ಇರಬೇಕು ಅಲ್ವಾ? ಅಲ್ಲ. ಸ್ತನ ಕ್ಯಾನ್ಸರ್‌ನಲ್ಲಿ 2007ರಲ್ಲಿ ಸಿಕ್ಕ ಎಫ್‌ಜಿಎಫ್‌ಆರ್2 ಜೀನ್‌ನ ಒಂದು ವ್ಯತ್ಯಾಸ ಆ ಗೆರೆಯನ್ನು ಎಷ್ಟೋ ದೂರ ದಾಟಿತ್ತು. ಆದರೆ ಅದರ ಒಂದು ಪ್ರತಿಯಿಂದ ಅಪಾಯ ಹೆಚ್ಚುವುದು ಸುಮಾರು ಕಾಲು ಭಾಗ ಮಾತ್ರ. ಅದೇ ಬಿಆರ್‌ಸಿಎ1 ಅನ್ನುವ ಇನ್ನೊಂದು ಜೀನ್ ಕೆಟ್ಟಿದ್ದರೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ 60ಕ್ಕೂ ಮೇಲೆ. ಆ ಜೀನ್ 17ನೇ ಕ್ರೋಮೋಸೋಮ್‌ನಲ್ಲಿದೆ ಅಂತ ಮೇರಿ-ಕ್ಲೇರ್ ಕಿಂಗ್ ತಂಡ 1990ರಲ್ಲೇ ತೋರಿಸಿತ್ತು, ಅದೂ ಲಕ್ಷ ಜನರನ್ನು ಹೋಲಿಸಿ ಅಲ್ಲ, ತಲೆಮಾರುಗಳಿಂದ ರೋಗ ಬರುತ್ತಿದ್ದ ಕುಟುಂಬಗಳ ಬೆನ್ನು ಹತ್ತಿ. ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘವೂ 2016ರಲ್ಲಿ ಬಿಡಿಸಿ ಹೇಳಿತು, ಪಿ-ವ್ಯಾಲ್ಯೂ ಪರಿಣಾಮದ ಗಾತ್ರವನ್ನಾಗಲಿ ಫಲಿತಾಂಶದ ಮಹತ್ವವನ್ನಾಗಲಿ ಅಳೆಯುವುದಿಲ್ಲ ಅಂತ.

ಹಾಜರಿ ಥೀಸಿಸ್‌ನ ಹುಡುಗಿ ವಿಜಯಪುರದವಳು, ಬರೆಯುತ್ತಿದ್ದುದು ಕನ್ನಡದಲ್ಲೇ. ಅವಳಿಗೆ ‘ಕಾಕತಾಳೀಯ ಅನ್ನಲು ಕಷ್ಟವಾದ ವ್ಯತ್ಯಾಸ’ ಅಂತ ಬರೆದುಕೊಟ್ಟೆ, ಪಕ್ಕದಲ್ಲೇ ಅದು ಎಷ್ಟು ಅಂಕದ ವ್ಯತ್ಯಾಸ ಅಂತಲೂ ಹಾಕಿದೆ. ಮೊನ್ನೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದಳು. ಗೈಡ್ ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದುಹಾಕಿ, ಮೇಲೆ ‘ಮಹತ್ವದ’ ಅಂತ ಬರೆದಿದ್ದರು.