ಹದಿನೈದು ತೂಕ, ಎರಡು ಹರವು

1893ರ ಕೊನೆಗೆ ಮತ್ತು 1894ರ ಆರಂಭದಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ ಒಂದೇ ಗಾಜಿನ ಬುರುಡೆಗೆ ನೈಟ್ರೋಜನ್ ತುಂಬಿ ಮತ್ತೆ ಮತ್ತೆ ತೂಗಿದರು. ಏಳು ಸಲ ಗಾಳಿಯಿಂದ ಬೇರ್ಪಡಿಸಿದ ನೈಟ್ರೋಜನ್, ಎಂಟು ಸಲ ರಾಸಾಯನಿಕಗಳಿಂದ ತಯಾರಿಸಿದ್ದು. ಮೊದಲನೆಯದರ ಸರಾಸರಿ 2.3101 ಗ್ರಾಂ, ಎರಡನೆಯದರದ್ದು 2.2995 ಗ್ರಾಂ. ಅಂತರ ಶೇಕಡಾ ಅರ್ಧದಷ್ಟೂ ಇಲ್ಲ. ಇದರ ಬೆನ್ನು ಹತ್ತಿದ ರೇಲಿ ಮತ್ತು ರಸಾಯನವಿಜ್ಞಾನಿ ವಿಲಿಯಂ ರಾಮ್ಸೆ, ಗಾಳಿಯಲ್ಲಿ ಅಡಗಿದ್ದ ಆರ್ಗಾನ್ ಅನ್ನು ಹೊರಗೆಳೆದರು. 1904ರಲ್ಲಿ ಇಬ್ಬರಿಗೂ ನೊಬೆಲ್ ಬಂತು, ಒಬ್ಬರಿಗೆ ಭೌತಶಾಸ್ತ್ರದಲ್ಲಿ, ಇನ್ನೊಬ್ಬರಿಗೆ ರಸಾಯನಶಾಸ್ತ್ರದಲ್ಲಿ.

ಸರಾಸರಿಗಳ ಈ ಕಥೆ ಪ್ರಸಿದ್ಧ. ಆ ತೂಕಗಳ ಹರವಿನ ಬಗ್ಗೆ ಮಾತು ಕಡಿಮೆ. ಗಾಳಿಯ ನೈಟ್ರೋಜನ್‌ನ ಏಳೂ ತೂಕಗಳು 2.30986ರಿಂದ 2.31030ರೊಳಗೆ ಒತ್ತಾಗಿ ಕೂತಿವೆ. ರಾಸಾಯನಿಕದ ಎಂಟು ಮಾತ್ರ 2.29816ರಿಂದ 2.30182ರವರೆಗೆ ಚದುರಿವೆ. ಲೆಕ್ಕ ಹಾಕಿದರೆ ಮಾನಕ ವಿಚಲನೆ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ, ಒಂದರಲ್ಲಿ 0.00016, ಇನ್ನೊಂದರಲ್ಲಿ 0.00136. ಅದರ ವರ್ಗವಾದ ವೇರಿಯನ್ಸ್‌ನಲ್ಲಿ ಸುಮಾರು 73 ಪಟ್ಟು ವ್ಯತ್ಯಾಸ!

ಎರಡು ಸ್ವತಂತ್ರ ಗುಂಪುಗಳ ಸರಾಸರಿಯನ್ನು ಹೋಲಿಸಲು ಕಾಲೇಜಿನಲ್ಲಿ ಕಲಿಸುವ ಟಿ ಪರೀಕ್ಷೆಗೆ ಇದು ಇರಿಸುಮುರಿಸಿನ ಸಂಗತಿ. ಎರಡೂ ಗುಂಪುಗಳ ವೇರಿಯನ್ಸ್ ಮೂಲದಲ್ಲಿ ಒಂದೇ ಎಂದು ನಂಬಿ, ಎರಡನ್ನೂ ಕಲಸಿ ಒಂದೇ ಅಂದಾಜು ಮಾಡುವುದು ಅದರ ಕ್ರಮ. ಹಾಗಾಗಿ ಪಠ್ಯಪುಸ್ತಕಗಳು ಒಂದು ಮುನ್ನೆಚ್ಚರಿಕೆ ಹೇಳುತ್ತವೆ: ಮೊದಲು ವೇರಿಯನ್ಸ್ ಸಮ ಇದೆಯೇ ಎಂದು ಪರೀಕ್ಷಿಸಿ, ಪಾಸಾದರೆ ಮುಂದುವರಿಯಿರಿ.

ರೇಲಿಯ ಅಂಕಿಗಳನ್ನೇ ಪರೀಕ್ಷಿಸೋಣ. 1960ರಲ್ಲಿ ಸಂಖ್ಯಾಶಾಸ್ತ್ರಜ್ಞ ಹೋವರ್ಡ್ ಲೆವಿನ್ ಸೂಚಿಸಿದ ವಿಧಾನದಲ್ಲಿ, ಪ್ರತಿ ತೂಕವೂ ತನ್ನ ಗುಂಪಿನ ಸರಾಸರಿಯಿಂದ ಎಷ್ಟು ದೂರವಿದೆ ಎಂದು ಅಳೆದು ಆ ದೂರಗಳನ್ನು ಹೋಲಿಸಬೇಕು. ನಿಜದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಕಾಣುವ ಸಂಭವವೇ ಪಿ-ಮೌಲ್ಯ; ಅದು ಚಿಕ್ಕದಾದಷ್ಟೂ ಆಕಸ್ಮಿಕ ಎನ್ನುವುದು ಕಷ್ಟ. ಇಲ್ಲಿ ಅದು ಸುಮಾರು 0.006. ಅಂದರೆ ವೇರಿಯನ್ಸ್ ಸಮವಿಲ್ಲ. 1974ರಲ್ಲಿ ಬ್ರೌನ್ ಮತ್ತು ಫಾರ್ಸೈತ್ ಸರಾಸರಿಯ ಬದಲು ಮಧ್ಯಾಂಕದಿಂದ (ಅಂಕಿಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವ ಮೌಲ್ಯದಿಂದ) ಅಳೆಯಿರಿ ಎಂದರು. ಹಾಗೆ ಅಳೆದರೆ ಪಿ-ಮೌಲ್ಯ ಸುಮಾರು 0.11. ಪಾಸು! 73 ಪಟ್ಟು ವ್ಯತ್ಯಾಸ ಕಣ್ಣಿಗೆ ರಾಚುತ್ತಿದ್ದರೂ ಪಾಸು.

ಕಾರಣ ಸರಳ. ರಾಸಾಯನಿಕ ಗುಂಪಿನ ಎಂಟರಲ್ಲಿ ಆರು ತೂಕಗಳು 2.299ರ ಆಸುಪಾಸಿನಲ್ಲಿವೆ, ಹರವನ್ನು ಹಿಗ್ಗಿಸಿದ್ದು ಉಳಿದೆರಡು, 2.30143 ಮತ್ತು 2.30182. ಎರಡೂ ನೈಟ್ರಿಕ್ ಆಕ್ಸೈಡ್‌ನಿಂದ ತಯಾರಿಸಿದ ನೈಟ್ರೋಜನ್‌ನವು. ಎರಡೇ ಅಂಕಿಗಳನ್ನು ನೆಚ್ಚಿ ಇಡೀ ಗುಂಪಿನ ಹರವೇ ಬೇರೆ ಎಂದು ಹೇಳಲು ಮಧ್ಯಾಂಕದ ಪರೀಕ್ಷೆ ಒಪ್ಪುವುದಿಲ್ಲ. ಅಂಕಿಗಳು ಕಡಿಮೆ ಇದ್ದಾಗ ಇಂಥ ಪರೀಕ್ಷೆಗಳು ದೊಡ್ಡ ವ್ಯತ್ಯಾಸವನ್ನೂ ಕಾಣದೆ ಹೋಗಬಹುದು. ಅಂಕಿಗಳು ಸಾವಿರಗಟ್ಟಲೆ ಇದ್ದರೆ ಲೆಕ್ಕಕ್ಕೆ ಬಾರದ ವ್ಯತ್ಯಾಸಕ್ಕೂ ಗಂಟೆ ಬಾರಿಸುತ್ತವೆ. ಎಚ್ಚರಿಕೆ ಬೇಕಾದಲ್ಲಿ ಮೌನ, ಬೇಡದಲ್ಲಿ ಗದ್ದಲ. 1953ರಲ್ಲೇ ಸಂಖ್ಯಾಶಾಸ್ತ್ರಜ್ಞ ಜಾರ್ಜ್ ಬಾಕ್ಸ್ ಆಗಿನ ವೇರಿಯನ್ಸ್ ಪರೀಕ್ಷೆಗಳನ್ನು ಹೀಗೆ ಗೇಲಿ ಮಾಡಿದ್ದರು: ದೊಡ್ಡ ಹಡಗು ಹೊರಡುವಷ್ಟು ಕಡಲು ಶಾಂತವಾಗಿದೆಯೇ ಎಂದು ತಿಳಿಯಲು ಹುಟ್ಟು ಹಾಕುವ ದೋಣಿಯಲ್ಲಿ ಕಡಲಿಗಿಳಿದಂತೆ.

ಅಸಮ ಹರವಿನಿಂದ ನಿಜಕ್ಕೂ ಕೆಡುಕಾಗುವುದು ಯಾವಾಗ? ರೇಲಿಯ ತೂಕಗಳಿಗೆ ಏನೂ ಆಗುವುದಿಲ್ಲ; ಹೇಗೆ ಲೆಕ್ಕ ಹಾಕಿದರೂ ಟಿ, ಅಂದರೆ ಸರಾಸರಿಗಳ ಅಂತರವು ಅದರ ಅನಿಶ್ಚಿತತೆಯ ಎಷ್ಟು ಪಟ್ಟು ಎಂಬ ಅಂಕಿ, 20ರ ಮೇಲೇ ಇರುತ್ತದೆ. ಗುಂಪುಗಳ ಗಾತ್ರವೂ ಹೆಚ್ಚು ಕಡಿಮೆ ಒಂದೇ. ಒಂದು ಕಲ್ಪಿತ ಲೆಕ್ಕ ನೋಡಿ. ಒಂದು ಗುಂಪಿನಲ್ಲಿ 10 ಜನ, ಮಾನಕ ವಿಚಲನೆ 12. ಇನ್ನೊಂದರಲ್ಲಿ 40 ಜನ, ಮಾನಕ ವಿಚಲನೆ 4. ಸರಾಸರಿಗಳ ಅಂತರ 6. ಕಲಸಿದ ವಿಧಾನದಲ್ಲಿ ಪಿ-ಮೌಲ್ಯ 0.01, ಪ್ರಬಂಧ ಬರೆಯಲು ಕೂರಬಹುದು. ಆದರೆ ಕಲಸುವಾಗ 40 ಜನರ ಶಾಂತ ಗುಂಪಿನ ಮಾತೇ ಹೆಚ್ಚು ನಡೆದಿರುತ್ತದೆ, 10 ಜನರ ಅಸ್ಥಿರತೆ ಅದರಲ್ಲಿ ಮುಚ್ಚಿಹೋಗಿರುತ್ತದೆ. ಎರಡೂ ಹರವುಗಳನ್ನು ಬೇರೆಬೇರೆಯಾಗಿಯೇ ಇಟ್ಟು ಲೆಕ್ಕ ಹಾಕಿದರೆ ಪಿ-ಮೌಲ್ಯ 0.15ರ ಸಮೀಪ. ಹೆಚ್ಚು ಹರವು ದೊಡ್ಡ ಗುಂಪಿನದಾದರೆ ಎಲ್ಲ ತಿರುಗಾಮುರುಗಾ: ಕಲಸಿದರೆ 0.13, ಬೇರೆ ಇಟ್ಟರೆ 0.012. ಆಗ ಇರುವ ವ್ಯತ್ಯಾಸವನ್ನೇ ನಾವು ಕಳೆದುಕೊಳ್ಳುತ್ತೇವೆ.

ಹೀಗೆ ಬೇರೆ ಇಡುವ ದಾರಿಯನ್ನು ಸಂಖ್ಯಾಶಾಸ್ತ್ರಜ್ಞ ಬಿ. ಎಲ್. ವೆಲ್ಚ್ 1938 ಮತ್ತು 1947ರ ಲೇಖನಗಳಲ್ಲಿ ತೋರಿಸಿದರು. ಹರವು ಸಮವಾಗಿದ್ದಾಗ ವೆಲ್ಚ್ ವಿಧಾನ ಬಳಸಿದರೆ ಆಗುವ ನಷ್ಟ ಅತ್ಯಲ್ಪ, ಅಸಮವಾಗಿದ್ದಾಗ ಸಿಗುವ ರಕ್ಷಣೆ ದೊಡ್ಡದು. ಹಾಗಿರುವಾಗ ಬಾಗಿಲಲ್ಲಿ ಲೆವಿನ್ ಪರೀಕ್ಷೆಯನ್ನು ಕಾವಲಿಗೆ ನಿಲ್ಲಿಸಿ, ಅದರ ಫಲಿತಾಂಶ ನೋಡಿ ಟಿ ಪರೀಕ್ಷೆಯನ್ನು ಆರಿಸುವ ಪದ್ಧತಿಯಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಎರಡು ಹಂತದ ಈ ಆಯ್ಕೆಯೇ ಅಂತಿಮ ಪರೀಕ್ಷೆಯ ತಪ್ಪಿನ ಪ್ರಮಾಣವನ್ನು ಏರುಪೇರು ಮಾಡುತ್ತದೆ. ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಆರ್ ತಂತ್ರಾಂಶ ಕೇಳದೆಯೇ ವೆಲ್ಚ್ ಉತ್ತರ ಕೊಡುತ್ತದೆ. ಎಸ್‌ಪಿಎಸ್‌ಎಸ್ ಎಂಬ ಇನ್ನೊಂದು ತಂತ್ರಾಂಶ ಲೆವಿನ್ ಪರೀಕ್ಷೆಯ ಜೊತೆಗೆ ಮೊದಲು ಕಲಸಿದ ವಿಧಾನದ, ನಂತರ ವೆಲ್ಚ್ ವಿಧಾನದ ಸಾಲುಗಳನ್ನು ಮುದ್ರಿಸಿ ಆಯ್ಕೆ ನಮಗೇ ಬಿಡುತ್ತದೆ. ಎರಡನೆಯ ಸಾಲು ಓದಿ.

ಆದರೂ ಹರವನ್ನು ನೋಡುವುದು ಬಿಡಬಾರದು. ಪ್ರತಿ ಅಂಕಿಯನ್ನೂ ಚುಕ್ಕಿಯಾಗಿ ಇಟ್ಟು ನೋಡಿದರೆ ರೇಲಿಯ ಆ ಎರಡು ಒಂಟಿ ತೂಕಗಳು ತಕ್ಷಣ ಕಾಣುತ್ತವೆ, ಯಾವ ಪಿ-ಮೌಲ್ಯವೂ ಅವನ್ನು ಬೆರಳಿಟ್ಟು ತೋರಿಸುವುದಿಲ್ಲ. ಅಧ್ಯಯನ ಇನ್ನೂ ಶುರುವಾಗಿಲ್ಲ ಎಂದಾದರೆ ಇನ್ನೂ ಒಂದು ಅಗ್ಗದ ಉಪಾಯವಿದೆ: 10 ಮತ್ತು 40ರ ಬದಲು 25 ಮತ್ತು 25 ಜನರನ್ನು ತೆಗೆದುಕೊಳ್ಳಿ. ಆಗ ಹರವು 12 ಮತ್ತು 4 ಇದ್ದರೂ ಎರಡೂ ವಿಧಾನಗಳ ಟಿ ಒಂದೇ ಬರುತ್ತದೆ, ವ್ಯತ್ಯಾಸ ಉಳಿಯುವುದು ಸ್ವಾತಂತ್ರ್ಯ ಮಾನದಲ್ಲಿ (ಟಿಯಿಂದ ಪಿ-ಮೌಲ್ಯ ಪಡೆಯುವಾಗ ಬಳಸುವ, ಗುಂಪಿನ ಗಾತ್ರಕ್ಕೆ ತಕ್ಕ ಅಂಕಿಯಲ್ಲಿ) ಮಾತ್ರ.